ಹಪ್ಪಳದ ಡಬ್ಬದಲ್ಲಿ ಆರು ಲೆನ್ಸು

ನಮ್ಮ ಮನೆಯಲ್ಲಿ ಕ್ಯಾಮೆರಾದ ಲೆನ್ಸುಗಳೂ ಹಪ್ಪಳಗಳೂ ಒಂದೇ ಡಬ್ಬದಲ್ಲಿ ಸಂಸಾರ ಮಾಡುತ್ತವೆ. ನಗಬೇಡಿ. ಎರಡಕ್ಕೂ ತೇವವೆಂದರೆ ಆಗದು. ಲೆನ್ಸುಗಳಿಗೆಂದೇ ಕರೆಂಟಿನಲ್ಲಿ ಓಡುವ ಗಾಜಿನ ಬೀರು ಸಿಗುತ್ತದೆಂದು ಕೇಳಿದ್ದೇನೆ. ನಾನು ಅಷ್ಟು ದೂರ ಹೋಗಲಿಲ್ಲ. ಬಿಗಿ ಮುಚ್ಚಳದ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬ ತಂದೆ. ತಳದಲ್ಲಿ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ ಆರು ಲೆನ್ಸು, ಅದರ ಮೇಲೆ ಅಕ್ಕಿ ಹಪ್ಪಳ, ಹಲಸಿನ ಹಪ್ಪಳದ ಕಟ್ಟುಗಳು, ಸಂದುಗೊಂದುಗಳಲ್ಲಿ ಚಪ್ಪಲಿಯ ಪೆಟ್ಟಿಗೆಗಳಿಂದಲೂ ಮಾತ್ರೆಯ ಬಾಟಲಿಗಳಿಂದಲೂ ವರ್ಷಗಟ್ಟಲೆ ಕೂಡಿಟ್ಟ, ತೇವ ಹೀರುವ ಬಿಳಿ ಪೊಟ್ಟಣಗಳು. ನನ್ನ ಲೆನ್ಸಿಗೆ ಸಣ್ಣಗೆ ಇಂಗಿನ ವಾಸನೆ ಇದೆಯೆಂದು ಒಬ್ಬರು ಹೇಳಿದ್ದುಂಟು. ಹಪ್ಪಳಕ್ಕೆ ಲೆನ್ಸಿನ ವಾಸನೆ ಇದೆಯೆಂದು ಈವರೆಗೆ ಯಾರೂ ದೂರಿಲ್ಲ.

ಈ ಆಷಾಢದ ಒಂದು ಮಧ್ಯಾಹ್ನ, ಸಾರಿನ ಜೊತೆಗೆ ಎರಡು ಹಪ್ಪಳ ಕರಿಯೋಣವೆಂದು ಡಬ್ಬ ತೆಗೆದವಳು ಕೈಗೆ ಸಿಕ್ಕ ಹಳೆಯ ಲೆನ್ಸೊಂದನ್ನು ಸುಮ್ಮನೆ ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಒಳಗೆ ಜೇಡನ ಎಳೆಯಂಥದ್ದೇನೋ ಬೆಳ್ಳಗೆ ಹಬ್ಬಿತ್ತು. ಬೂಷ್ಟು. ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ.

"ಎಣ್ಣೆ ಹೊಗೆಯಾಡ್ತಿದೆ ಕಣೇ," ಎನ್ನುತ್ತಾ ನಮ್ಮವರು ಬಂದು ಒಲೆ ಆರಿಸಿದರು. ಲೆನ್ಸನ್ನು ನೋಡಿದರು, ನನ್ನನ್ನು ನೋಡಿದರು. "ಹೇಳಿದ್ನೋ ಇಲ್ವೋ? ಇಟ್ಕೊಂಡು ಕೊಳೆಸೋ ಬದಲು ಮಾರ್ಬುಡು ಅತ್ಲಾಗೆ."

ಹೇಳಿದ್ದು ನಿಜ. ನಮ್ಮವರು ಕಡಕೊಳದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ಈ ಯುಗಾದಿಯ ಹೊತ್ತಿಗೆ ನಿವೃತ್ತರಾದವರು. ನಟ್ಟು ಬೋಲ್ಟು ಬೇರಿಂಗುಗಳನ್ನು ಗೂಡುಗಳಲ್ಲಿ ವಿಂಗಡಿಸಿ ಇಡುವುದೇ ಅವರ ಬದುಕಾಗಿತ್ತು. ಈಗ ಗೂಡುಗಳಿಲ್ಲ, ನಾವಿದ್ದೇವೆ. ಮೊದಲ ತಿಂಗಳು ಸಾಂಬಾರ್ ಪುಡಿಯ ಡಬ್ಬಗಳಿಗೆಲ್ಲ ಚೀಟಿ ಅಂಟಿತು. ಎರಡನೆಯ ತಿಂಗಳು ನನ್ನ ಸೀರೆಗಳ ಸರದಿ. ಆಮೇಲೆ ಅವರ ಕಣ್ಣು ಲೆನ್ಸುಗಳ ಮೇಲೆ ಬಿತ್ತು.

ಅದಕ್ಕೆ ಸರಿಯಾಗಿ ನನ್ನ ಬಲಭುಜ ಹಿಡಿದುಕೊಂಡಿತು. ತಲೆ ಬಾಚಲು ಕೈ ಎತ್ತಿದರೆ ಪ್ರಾಣ ಹೋದ ಹಾಗೆ. ಡಾಕ್ಟರು, "ಭಾರ ಏನಾದ್ರೂ ಎತ್ತುತೀರಾ?" ಎಂದು ಕೇಳಿದರು. ನಾನೊಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು, "ಪುಸ್ತಕ ಎತ್ತಬೇಕಲ್ಲ ಡಾಕ್ಟ್ರೇ," ಎಂದು ಮುಗ್ಧಳಂತೆ ಹೇಳಿದೆ. ಪಕ್ಕದಲ್ಲಿ ಕೂತಿದ್ದ ನಮ್ಮವರು ಬಿಡಬೇಕಲ್ಲ. "ಸುಳ್ಳು ಕಣ್ರೀ. ಭಾನುವಾರ ಭಾನುವಾರ ಕೆರೆ ಹತ್ರ ಇಷ್ಟುದ್ದದ ಲೆನ್ಸ್ ಎತ್ಕೊಂಡು ನಿಂತ್ಕೊಂತಾಳೆ," ಎಂದು ಮೊಣಕೈವರೆಗೆ ಅಳತೆ ತೋರಿಸಿದರು. ಡಾಕ್ಟರು ಔಷಧಿ ಬರೆಯುತ್ತಾ, ಹಗುರವಾದ ಕ್ಯಾಮೆರಾ ಬಂದಿವೆಯಲ್ಲ, ಅಂಥದ್ದು ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳಬಹುದು. ಆದರೆ ಹೊಸ ಹಗುರ ಕ್ಯಾಮೆರಾದ ಬಾಯಿಗೆ ಹಳೆಯ ಲೆನ್ಸುಗಳು ನೇರವಾಗಿ ಕೂರುವುದಿಲ್ಲ. ನಡುವೆ ಒಂದು ಉಂಗುರ ಹಾಕಿ ಕೂರಿಸಬೇಕು. ಸೊಸೆ ಬಂದಮೇಲೆ ಅತ್ತೆಯರ ಸ್ಥಿತಿ ನೋಡಿ, ಹಾಗೆ.

ಬೂಷ್ಟು ಕಂಡ ದಿನವೇ ಸಂಜೆ ನಮ್ಮವರು ಮಂಚದ ಮೇಲೆ ಮೂರು ದಿನಪತ್ರಿಕೆ ಹಾಸಿ, ಒಂದರ ಮೇಲೆ 'ಇಡುವುದು', ಇನ್ನೊಂದರ ಮೇಲೆ 'ಮಾರುವುದು', ಮತ್ತೊಂದರ ಮೇಲೆ 'ಬದಲಾಯಿಸುವುದು' ಎಂದು ಮಾರ್ಕರಿನಲ್ಲಿ ಬರೆದಿಟ್ಟರು. "ನೀನೇ ಇಡು. ನಾನು ಬಾಯಿ ಹಾಕಲ್ಲ," ಎಂದು ಬಾಗಿಲಲ್ಲಿ ನಿಂತರು. ಬಾಯಿ ಹಾಕುವುದಕ್ಕೇ ನಿಂತವರ ಭಂಗಿ ಅದು.

ಮೊದಲು ಕೈಗೆ ಬಂದದ್ದು ಅಗಲದ ಲೆನ್ಸು. ಒಂದು ದಸರೆಯಲ್ಲಿ ಇಡೀ ದೀಪಾಲಂಕಾರ ಒಂದೇ ಚೌಕಟ್ಟಿನೊಳಗೆ ಬರಬೇಕೆಂಬ ದುರಾಸೆಗೆ ಕೊಂಡದ್ದು. ಬಂತು, ಎಲ್ಲವೂ ಬಂತು. ದೀಪಗಳು ಸಾಸಿವೆಯಷ್ಟು, ಎದುರಿಗೆ ಬೋಂಡ ತಿನ್ನುತ್ತಾ ನಿಂತಿದ್ದ ಹೆಂಗಸಿನ ಮುಖ ಕುಂಬಳಕಾಯಿಯಷ್ಟು. ಅಷ್ಟೂ ಫೋಟೋಗಳಲ್ಲಿ ಯಾರದೋ ತಲೆ, ಯಾರದೋ ಮೊಣಕೈ. 'ಮಾರುವುದು' ಎಂಬಲ್ಲಿಟ್ಟೆ.

ಮೊಣಕೈ ಎಂದಾಗ ನೆನಪಾಯಿತು. ನನ್ನ ಬದುಕಿನ ಮೊದಲ ಫೋಟೋದಲ್ಲಿ ಇರುವುದು ನನ್ನ ಮೊಣಕೈ ಮಾತ್ರ. ಕಡಕೊಳ ದಾಟಿ ಒಳಕ್ಕೆ ನಾಲ್ಕು ಮೈಲಿ ಹೋದರೆ ನನ್ನ ತವರು. ನನಗೆ ಎಂಟೋ ಒಂಬತ್ತೋ ವರ್ಷ, ದೊಡ್ಡಪ್ಪನ ಮಗಳ ಮದುವೆ. ಮೈಸೂರಿಂದ ಬಂದ ಫೋಟೋದವರು ಬೆಳ್ಳಿ ಬಣ್ಣದ ಕೊಡೆ ಬಿಚ್ಚಿದ್ದನ್ನು ಕಂಡು, ಮಳೆ ಇಲ್ಲದೆ ಕೊಡೆ ಯಾಕೆಂದು ಊರಿಗೆ ಊರೇ ಬೆರಗಾಗಿತ್ತು. ನಾನು ಹೊಸ ಲಂಗ ಹಾಕಿ, ಎರಡು ಜಡೆಗೆ ಕೆಂಪು ಟೇಪು ಕಟ್ಟಿ, ಹೆಣ್ಣು ಗಂಡಿನ ಪಕ್ಕಕ್ಕೆ ನುಸುಳಿ ಉಸಿರು ಬಿಗಿಹಿಡಿದು ನಿಂತೆ. "ಏ ಮಗು, ಪಕ್ಕಕ್ಕೆ ಬಾ, ಸೆರಗು ಕಾಣ್ತಿಲ್ಲ," ಎಂದರು ಫೋಟೋದವರು. ಒಂದು ಹೆಜ್ಜೆ ಸರಿದೆ. ಫೋಟೋ ಬಂದಾಗ ಅಂಚಿನಲ್ಲಿ ಒಂದು ಮೊಣಕೈ, ಒಂದು ಟೇಪಿನ ತುದಿ. ಅವ್ವ ಊರವರಿಗೆಲ್ಲ ಆ ಮೊಣಕೈ ತೋರಿಸಿ, "ಇದು ನಮ್ ಗಿರಿಜ," ಎನ್ನುತ್ತಿದ್ದಳು. ಆ ಮೊಣಕೈಯನ್ನು ಪೂರ್ತಿ ಮಾಡಿಕೊಳ್ಳಲು ಐವತ್ಮೂರು ವರ್ಷದವರೆಗೂ ಒದ್ದಾಡುತ್ತಿದ್ದೇನೆ ಎನಿಸುತ್ತದೆ ಒಮ್ಮೊಮ್ಮೆ.

ಎಲ್ಲಿದ್ದೆ? ಎರಡನೆಯದು, ಕ್ಯಾಮೆರಾದ ಜೊತೆಗೆ ಬಂದ ಪ್ಲಾಸ್ಟಿಕ್ ಲೆನ್ಸು. ಅದನ್ನು ಯಾರೂ ಕೊಳ್ಳುವುದಿಲ್ಲ, ಎಲ್ಲರ ಮನೆಯಲ್ಲೂ ಒಂದಿದೆ. ಮೂರನೆಯದು ಇರುವೆ, ಜೇಡಗಳನ್ನು ಹತ್ತಿರದಿಂದ ನೋಡುವ ಲೆನ್ಸು. ಅದು 'ಇಡುವುದು'. ಮೊಣಕಾಲೂರಿ ಕೂರಲಾಗದ ದಿನ ಬಂದರೆ ಇರುವೆಗಳೇ ಮೇಜಿನ ಮೇಲೆ ಬರುತ್ತವೆ, ನಮ್ಮ ಮನೆಯಲ್ಲಿ ಅದಕ್ಕೇನೂ ಬರವಿಲ್ಲ. ನಾಲ್ಕನೆಯದು ಮನುಷ್ಯರ ಮುಖಕ್ಕೆ ಚೆನ್ನಾಗಿರುವ ಪುಟ್ಟ ಲೆನ್ಸು, ಅದೂ ಇರಲಿ. ಐದನೆಯದು ಡಾಕ್ಟರ ಎದುರು ಮೊಣಕೈವರೆಗೆ ಅಳತೆಯಾದ ಹಕ್ಕಿ ಲೆನ್ಸು. ಅದನ್ನು ಎತ್ತಿ 'ಬದಲಾಯಿಸುವುದು' ಎಂಬಲ್ಲಿಡುವಷ್ಟರಲ್ಲೇ ಭುಜ ಚುಳ್ಳೆಂದಿತು. ಅದೇ ತೀರ್ಪು.

ಆರನೆಯದು ಬೂಷ್ಟು ಹಿಡಿದದ್ದು. ಪೂರ್ತಿ ಲೋಹದ್ದು, ಕೈಯಿಂದಲೇ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕಾದ ಹಳೆಯ ಕಾಲದ ಲೆನ್ಸು. ಅದನ್ನು ಹಿಡಿದುಕೊಂಡು ಮೂರೂ ಕಾಗದಗಳ ಮುಂದೆ ನಿಂತೆ. ನಮ್ಮವರು ಕೆಮ್ಮಿದರು.

"ಅದು ಅಪ್ಪನದು."

"ಗೊತ್ತು."

"ಬೂಷ್ಟು ಹಿಡ್ದಿದೆ. ಕ್ಲೀನ್ ಮಾಡಿಸಿ ಕೊಟ್ಬುಡು. ಯಾರಾದ್ರೂ ಹಳೇ ಸಾಮಾನಿನ ಆಸೆ ಇರೋರು ತಗೋತಾರೆ."

ಅವರ ಅಪ್ಪ, ಅಂದರೆ ನನ್ನ ಮಾವ, ತೀರಿಕೊಂಡು ಎರಡು ವರ್ಷವಾಗಿತ್ತು.

ಮಾವ ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ನಾನು ರಾಮಕೃಷ್ಣನಗರದ ಈ ಮನೆಗೆ ಸೊಸೆಯಾಗಿ ಬಂದಾಗ ಅವರಿಗೂ ನನಗೂ ಮಾತಿರಲಿಲ್ಲ. ಜಗಳವೇನಲ್ಲ, ಮಾತಿಗೆ ವಸ್ತುವೇ ಇರಲಿಲ್ಲ. ಊಟಕ್ಕೆ ಬನ್ನಿ ಮಾವ, ಬಂದೆ ಕಣಮ್ಮ, ಅಷ್ಟೇ. ಮಾತೆಲ್ಲ ಅತ್ತೆಯದು. ಮೂರನೆಯ ವರ್ಷ ಅತ್ತೆ ಹೋಗಿಬಿಟ್ಟರು. ಮಾವ ವರಾಂಡದ ಕುರ್ಚಿಯಲ್ಲಿ ಬೀದಿ ನೋಡುತ್ತಾ ಕೂತವರು ಆರು ತಿಂಗಳಾದರೂ ಏಳಲಿಲ್ಲ. ನಮ್ಮವರಿಗೆ ಪಾಳಿ ಕೆಲಸ. ಮನೆಯಲ್ಲಿ ನಾನು, ಮಾವ, ಗೋಡೆ ಗಡಿಯಾರ.

ಒಂದು ದಿನ ಅಟ್ಟ ಗುಡಿಸುವಾಗ ಚರ್ಮದ ಚೀಲವೊಂದು ಸಿಕ್ಕಿತು. ಒಳಗೆ ರೀಲಿನ ಕ್ಯಾಮೆರಾ, ಈ ಲೋಹದ ಲೆನ್ಸು. ಧೂಳು ಒರೆಸಿ ತಂದು ಕೊಟ್ಟು, "ಇದು ಹೇಗೆ ಮಾವ?" ಎಂದೆ. ನಿಜ ಹೇಳುತ್ತೇನೆ, ನನಗೆ ಫೋಟೋದ ಆಸೆಯೇನೂ ಇರಲಿಲ್ಲ. ಅವರು ಆ ಬೀದಿಯನ್ನು ಬಿಟ್ಟು ಬೇರೆ ಏನನ್ನಾದರೂ ನೋಡಲಿ ಎಂದಷ್ಟೇ ಇತ್ತು. ಅವರು ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ, "ಕಣ್ಣಿಗೆ ಇಟ್ಕೋ. ಆ ಕಾಂಪೌಂಡ್ ಮೇಲಿನ ಅಳಿಲು ನೋಡು. ಮಸುಕಾಗಿ ಕಾಣುತ್ತಲ್ಲ? ಈ ಉಂಗುರ ತಿರುಗಿಸು. ನಿಧಾನ, ನಿಧಾನ. ಕಂಡ್ತಾ?" ಎಂದರು.

ಕಂಡಿತು. ಅಳಿಲಿನ ಮೀಸೆ ಕಂಡಿತು.

ಆವತ್ತಿನಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಭಾನುವಾರ ಬೆಳಗಾದರೆ ನಾನು ಸ್ಕೂಟರ್ ಓಡಿಸುವುದು, ಹಿಂದೆ ಮಾವ ಚೀಲ ಹಿಡಿದು ಕೂರುವುದು, ಲಿಂಗಾಂಬುಧಿ ಕೆರೆಯ ದಂಡೆಗೆ ಹೋಗುವುದು. ಅತ್ತೆ ಮಾವಂದಿರನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಸೊಸೆಯರನ್ನು ನಮ್ಮ ಬೀದಿ ನೋಡಿತ್ತು. ಮಾವನನ್ನು ಹಕ್ಕಿ ನೋಡಲು ಕರೆದೊಯ್ಯುವವಳನ್ನು ನೋಡಿರಲಿಲ್ಲ. ಎದುರುಮನೆಯವರು ಕೇಳಿಯೇ ಕೇಳಿದರು, "ಅಷ್ಟೊತ್ತಿಗೇ ಎಲ್ಲಿಗ್ರೀ?" ಮಾವ, "ಸರ್ವೆಗೆ," ಎನ್ನುತ್ತಿದ್ದರು.

ಹಕ್ಕಿಗಳ ಹೆಸರು ಒಂದೊಂದಾಗಿ ಕಲಿಸಿದರು. ಹೆಜ್ಜಾರ್ಲೆ, ಗುಳುಮುಳುಕ, ನೀರುಕಾಗೆ, ಮಿಂಚುಳ್ಳಿ. ಹೆಸರು ನನಗೆ ನಿಂತಿತು, ಅಳತೆ ನಿಲ್ಲಲಿಲ್ಲ. ನಕ್ಷೆ ಬರೆದ ಮನುಷ್ಯ ತಾನೇ, "ಆ ಕೊಂಬೆ ಎಷ್ಟಡಿ ದೂರ ಹೇಳು ನೋಡೋಣ," ಎಂದು ಪರೀಕ್ಷೆ ಇಡುತ್ತಿದ್ದರು. ನಾನು ಇಪ್ಪತ್ತೆಂದರೆ ಅದು ಮೂವತ್ತಿರುತ್ತಿತ್ತು. "ನಿನ್ನ ಕೈಲಿ ಕಾಲುವೆ ತೋಡಿಸಿದ್ರೆ ನೀರು ಪಕ್ಕದ ಊರಿಗೆ ಹೋಗ್ತಿತ್ತು ಕಣಮ್ಮ," ಎಂದು ನಗುತ್ತಿದ್ದರು.

ಕಾಲ ಸರಿದ ಹಾಗೆ ರೀಲು ಹೋಯಿತು, ಡಿಜಿಟಲ್ ಬಂತು. ನಾನು ಒಂದೊಂದೇ ಲೆನ್ಸು ಕೂಡಿಸಿಕೊಂಡೆ. ಮಾವ ಮಾತ್ರ ತಮ್ಮ ಲೋಹದ ಲೆನ್ಸನ್ನು ಬಿಡಲಿಲ್ಲ. ನನ್ನ ಹಳೆಯ ಡಿಜಿಟಲ್ ಕ್ಯಾಮೆರಾಕ್ಕೆ ಅದನ್ನೇ ಸಿಕ್ಕಿಸಿಕೊಂಡು ಬರುತ್ತಿದ್ದರು.

ಕೊನೆಯ ಎರಡು ವರ್ಷ ಅವರ ಫೋಟೋಗಳು ಮಸುಕಾಗತೊಡಗಿದವು. ಹಕ್ಕಿ ಇರುತ್ತಿತ್ತು, ಹೊಗೆಯೊಳಗೆ ಇದ್ದ ಹಾಗೆ. ಮನೆಯಲ್ಲಿ ಅದಕ್ಕೊಂದು ಹೆಸರಿಟ್ಟೆ: 'ಮಾವನ ಮಂಜು'. ಎಲ್ಲರೂ ನಕ್ಕರು, ಮಾವನೂ ನಕ್ಕರು. ಬಡಾವಣೆಯಲ್ಲಿ ಕನ್ನಡ ರಾಜ್ಯೋತ್ಸವಕ್ಕೆ ಫೋಟೋ ಪ್ರದರ್ಶನ ಇಟ್ಟಾಗ ಚಿತ್ರ ಆರಿಸುವ ಕೆಲಸ ನನ್ನದಾಯಿತು. ನನ್ನವು ಹನ್ನೆರಡು ಆರಿಸಿದೆ. ಅವರದು ಒಂದೂ ಇಲ್ಲ. "ಸ್ವಲ್ಪ ಶಾರ್ಪ್ ಇಲ್ಲ ಮಾವ," ಎಂದೆ. ಲೈಬ್ರರಿಯಲ್ಲಿ ದಂಡ ಕಟ್ಟಲು ಹೇಳುವ ದನಿಯಲ್ಲೇ ಹೇಳಿರಬೇಕು. "ಹೌದು ಕಣಮ್ಮ, ಬುಡು. ನಿನ್ನವೇ ಚೆನ್ನಾಗಿವೆ," ಎಂದರು. ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನನ್ನ ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಬಂದವರಿಗೆಲ್ಲ, "ನಮ್ ಸೊಸೆ ತೆಗೆದಿದ್ದು," ಎಂದು ಹೇಳಿದರು.

ಇಷ್ಟು ಕಥೆಯಿರುವ ಲೆನ್ಸನ್ನು ಯಾವ ಕಾಗದದ ಮೇಲಿಡಲಿ ಹೇಳಿ. ಕೊನೆಗೆ, ಮೊದಲು ಬೂಷ್ಟು ತೆಗೆಸುತ್ತೇನೆ, ಆಮೇಲೆ ನೋಡೋಣ ಎಂದೆ. ಅಂಗಡಿಯವನ ಮುಖ ನೋಡದೆ, ಆಮೇಲೆ ಬರುತ್ತೇನೆ ಎಂದು ಜಾರಿಕೊಳ್ಳುವ ಗಿರಾಕಿಯಂತೆ.

ಉದಯಗಿರಿಯಲ್ಲಿ ಜಬ್ಬಾರ್ ಸಾಹೇಬರ ಅಂಗಡಿಯಿದೆ. ಒಂದು ಕಡೆ ಸ್ಕೂಟರ್ ಮೆಕ್ಯಾನಿಕ್ಕು, ಇನ್ನೊಂದು ಕಡೆ ಹಾಸಿಗೆ ಹೊಲಿಯುವವರು, ನಡುವೆ ಬೀರುವಿನಷ್ಟೇ ಅಗಲದ ಜಾಗ. ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು, ಜನ ಗಡಿಯಾರ ಕಟ್ಟುವುದು ಬಿಟ್ಟಮೇಲೆ ಕ್ಯಾಮೆರಾ ಹಿಡಿದವರು. ಅವರ ಹೆಸರು ಮಾವನ ಬಾಯಲ್ಲಿ ಕೇಳಿದ್ದೆ, ಅಂಗಡಿಗೆ ಹೋದದ್ದು ಅದೇ ಮೊದಲು. ಸಾಹೇಬರು ಒಂಟಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಲೆನ್ಸನ್ನು ತಿರುಗಿಸಿ ನೋಡಿದರು. ಆಮೇಲೆ ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು.

"ನೀವು ಡ್ರಾಯಿಂಗ್ ಸಾಹೇಬ್ರ ಸೊಸೆ ಅಲ್ವಾ?"

"ಹೌದು. ಹೇಗೆ ಗೊತ್ತಾಯ್ತು?"

"ಲೆನ್ಸ್ ಹೇಳ್ತದಲ್ಲ." ಅದರ ಮೈಯನ್ನು ಬಟ್ಟೆಯಲ್ಲೊಮ್ಮೆ ಒರೆಸಿದರು. "ಅವ್ರು ಹೆಂಗಿದಾರೆ?"

ಹೇಳಿದೆ. ಅವರು ಟೋಪಿ ಸರಿಮಾಡಿಕೊಂಡು ತಮ್ಮಷ್ಟಕ್ಕೆ ಏನೋ ಪ್ರಾರ್ಥನೆ ಹೇಳಿಕೊಂಡರು. ಬೂಷ್ಟು ತೆಗೆಯಬಹುದು, ಆದರೆ ಗಾಜಿನ ಅಂಚಿನಲ್ಲಿ ಸಣ್ಣ ಕಲೆ ಉಳಿಯುತ್ತದೆ, ಫೋಟೋದಲ್ಲಿ ಕಾಣಿಸದು ಎಂದರು. ನಾನು, ಮಾರುವ ಯೋಚನೆ ಇದೆ, ನೋಡಲು ಚೆನ್ನಾಗಿರಲಿ ಎಂದೆ.

"ಮಾರೋದಾದ್ರೆ ಇವನ್ನೂ ಕೆರೆದು ತೆಗ್ದ್‌ಬುಡ್ಲಾ ಮೇಡಂ? ತಗೊಳ್ಳೋರು ಏನಿದು ಅಂತಾರೆ." ಲೆನ್ಸಿನ ಉಂಗುರದ ಮೇಲೆ ಬೆರಳಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು ದಪ್ಪದ ಅಂಟಿನ ಹನಿಗಳು. ಒಂದು ಕಡೆ ಒಂದು, ಸ್ವಲ್ಪ ಆಚೆ ಜೋಡಿಯಾಗಿ ಎರಡು. ನಾನೂ ನೋಡಿದ್ದೆ. ಯಾವುದೋ ಕಾಲದ ಕೊಳೆ ಗಟ್ಟಿಯಾಗಿದೆ ಎಂದುಕೊಂಡಿದ್ದೆ.

"ಏನವು?"

ಸಾಹೇಬರು ನನ್ನ ಮುಖವನ್ನೇ ನೋಡಿದರು. "ನಿಮಗೆ ಗೊತ್ತಿಲ್ವಾ? ಅವ್ರಿಲ್ಲ ಈಗ, ಹೇಳಿದ್ರೆ ತಪ್ಪಾಗಲ್ಲ ಬುಡಿ. ಅವ್ರ ಕಣ್ಣು ಹೋಗಿತ್ತಲ್ಲಮ್ಮ. ನಡುಮಧ್ಯ ಕಪ್ಪು ಮಚ್ಚೆ, ಸುತ್ತ ಮಾತ್ರ ಒಂಚೂರು ಕಾಣ್ತದೆ ಅಂತಿದ್ರು. ಲೆನ್ಸಲ್ಲಿ ನೋಡಿದ್ರೆ ಹಕ್ಕಿ ಇಲ್ಲ, ಬರೀ ಕಪ್ಪು. ಅದಕ್ಕೆ ಇದು ಹಾಕಿಸ್ಕೊಂಡ್ರು. ಒಂದು ಹನಿ ಸಿಕ್ಕಿದ್ರೆ ಹತ್ತಡಿ, ಎರಡು ಸಿಕ್ಕಿದ್ರೆ ಮೂವತ್ತಡಿ. ನಾನೇ ಟೇಪ್ ಹಿಡಿದು ಅಳೆದು ಹಾಕಿದ್ದು. ಬೆರಳಲ್ಲಿ ಮುಟ್ಟಿ ತಿರುಗಿಸ್ಕೊಳ್ಳೋರು."

"ದೂರ ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

"ನಾನೂ ಅದೇ ಕೇಳಿದೆ. ಅಳತೆಗೆ ನಮ್ ಸೊಸೆ ಇದಾಳೆ, ಕೇಳಿದ್ರೆ ಹೇಳ್ತಾಳೆ ಅಂದ್ರು."

ಪಕ್ಕದ ಮೆಕ್ಯಾನಿಕ್ಕು ಯಾವುದೋ ಗಾಡಿಯನ್ನು ಜೋರಾಗಿ ಓಡಿಸಿ ನೋಡುತ್ತಿದ್ದ. ಆ ಸದ್ದಿನೊಳಗೂ ನನಗೆ ಮಾವನ ದನಿಯೇ ಕೇಳಿಸಿತು. ಆ ಕೊಂಬೆ ಎಷ್ಟಡಿ ಹೇಳು ನೋಡೋಣ. ನಾನು ಪರೀಕ್ಷೆ ಎಂದುಕೊಂಡು, ಅರ್ಧ ಗಮನ ನನ್ನ ಹಕ್ಕಿಯ ಮೇಲಿಟ್ಟು, ಬಾಯಿಗೆ ಬಂದ ಸಂಖ್ಯೆ ಹೇಳಿದ್ದೆ. ಹತ್ತು ಮಾವ. ಮೂವತ್ತು ಇರಬೇಕು ಮಾವ. ಮಂಜು ಕವಿದದ್ದು ಅವರ ಕಣ್ಣಿನಿಂದಲ್ಲ, ನನ್ನ ಬಾಯಿಂದ. ಆಮೇಲೆ ಅದೇ ಬಾಯಲ್ಲಿ ಶಾರ್ಪ್ ಇಲ್ಲ ಎಂದೂ ಹೇಳಿದ್ದೆ.

"ನನಗೆ ಯಾಕೆ ಹೇಳಲಿಲ್ಲ ಸಾಹೇಬ್ರೇ?"

"ಹೇಳ್ಬೇಡಿ ಅಂದಿದ್ರು. 'ಗೊತ್ತಾದ್ರೆ ಪಾಪ, ನನ್ನ ನೋಡ್ಕೊಳ್ಳೋದ್ರಲ್ಲೇ ಅವಳ ಹಕ್ಕಿ ಹಾರೋಗ್ತವೆ' ಅಂತ." ಜಬ್ಬಾರ್ ಸಾಹೇಬರು ಸಣ್ಣ ಚೂರಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. "ತೆಗೀಲಾ, ಬೇಡ್ವಾ?"

"ಬೇಡ," ಎಂದೆ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಕಂಪ್ಯೂಟರ್ ಮುಂದೆ ಕೂತೆ. ಅವರ ಕೊನೆಯ ಎರಡು ವರ್ಷದ ಚಿತ್ರಗಳನ್ನು ನೋಡಬೇಕಿತ್ತು. ಸಿಕ್ಕಿದ್ದು ಏಳು. ನೂರಾರು ಇದ್ದವು. ಜಾಗ ಸಾಲದೆಂದು ಪ್ರತಿ ಯುಗಾದಿಗೆ ಅಟ್ಟ ಗುಡಿಸುವ ಹಾಗೆ ಕಂಪ್ಯೂಟರನ್ನೂ ಗುಡಿಸುತ್ತಿದ್ದವಳು ನಾನೇ. ಮಸುಕಾದದ್ದು ಕಸ, ಸ್ಪಷ್ಟವಾದದ್ದು ಚಿತ್ರ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತಿದ್ದೆ. ಉಳಿದ ಏಳರಲ್ಲಿ ಒಂದು, ಒಣಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆ, ಕೊಕ್ಕಿನ ತುದಿಯ ನೀರಹನಿಯವರೆಗೆ ಸ್ಪಷ್ಟವಾಗಿತ್ತು. ಆವತ್ತು, "ಇವತ್ತು ಕನ್ನಡಕ ಸರಿಯಾಗಿ ಹಾಕ್ಕೊಂಡಿದ್ರಿ ಅನ್ಸುತ್ತೆ," ಎಂದು ಛೇಡಿಸಿದ್ದು ನೆನಪಾಯಿತು. ಆವತ್ತು ನಾನು ಮೂವತ್ತಡಿ ಎಂದಿರಬೇಕು. ಅದು ಮೂವತ್ತೇ ಅಡಿ ಇದ್ದಿರಬೇಕು. ಎರಡು ವರ್ಷದಲ್ಲಿ ಒಂದೇ ಒಂದು ಸಲ.

ನಮ್ಮವರು ಕಾಫಿ ತಂದಿಟ್ಟರು. ಅವರು ಕಾಫಿ ಮಾಡುವುದು ನಿವೃತ್ತಿಯಾದ ಮೇಲೆ ಕಲಿತದ್ದು, ಡಿಕಾಕ್ಷನ್ನಿಗೆ ಇನ್ನೂ ಅಂಜುತ್ತಾರೆ. ನಾನು ತಿರುಗಿ ನೋಡದೆ ಕೇಳಿದೆ.

"ಮಾವಂಗೆ ಕಣ್ಣು ಕಾಣ್ತಿರಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ತೋರಿಸ್ಕೊಂಡು ಬಂದಿದ್ದು. ಇನ್ನೇನೂ ಮಾಡಕ್ಕಾಗಲ್ಲ, ವಯಸ್ಸಾಯ್ತು ಅಂದ್ರು."

"ನಾನು ಅವರ ಫೋಟೋ ಬೇಡ ಅಂದಾಗ ಎದುರಿಗೇ ನಿಂತಿದ್ರಲ್ಲ. ಒಂದು ಮಾತು ಹೇಳಬಾರದಿತ್ತಾ?"

"ಆಣೆ ಹಾಕಿಸ್ಕೊಂಡಿದ್ರು ಕಣೇ." ಅವರು ಮಂಚದ ತುದಿಗೆ ಕೂತರು. ಮೂರು ದಿನಪತ್ರಿಕೆಗಳು ಇನ್ನೂ ಹಾಗೇ ಹಾಸಿದ್ದವು. "ಅಪ್ಪ ನನ್ನ ಹತ್ರ ಯಾವತ್ತೂ ಏನೂ ಕೇಳ್ದೋರಲ್ಲ. ಅದೊಂದೇ ಕೇಳಿದ್ದು. ಅದ್ನೂ ನಿನ್ನ ಜೊತೆ ಹೋಗಕ್ಕೆ."

ಅವರ ದನಿ ಎಲ್ಲೋ ತಗ್ಗಿತ್ತು. ಜಗಳವಾಡಬೇಕೆಂದು ಕುರ್ಚಿ ತಿರುಗಿಸಿದ್ದೆ, ಸಿಟ್ಟು ಅಲ್ಲೇ ಇಳಿಯಿತು.

"ಇಪ್ಪತ್ತು ವರ್ಷದಲ್ಲಿ ನೀವಿಬ್ರೂ ಒಂದ್ ದಿನ ಆದ್ರೂ ನನ್ನ ಕರೆದ್ರಾ?"

ಕರೆದಿರಲಿಲ್ಲ. ಶನಿವಾರದ ಪಾಳಿ ಮುಗಿಸಿ ಬಂದು ಮಲಗಿದ್ದಾರೆ, ಎಬ್ಬಿಸಬಾರದು ಎಂದು ಬೆಕ್ಕಿನ ಹೆಜ್ಜೆಯಲ್ಲಿ ಹೋಗುತ್ತಿದ್ದೆವು. ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು. "ಮಲಗಿರ್ತಿದ್ರಲ್ಲ," ಎಂದೆ.

"ಮಲಗಿರ್ತಿದ್ದೆ. ನಿದ್ದೆ ಬಂದಿರ್ತಿರಲಿಲ್ಲ. ಗೇಟ್ ತೆಗೆಯೋದು, ಸ್ಕೂಟರ್ ನೂಕೋದು, ಅಪ್ಪ ನಗೋದು, ಎಲ್ಲಾ ಕೇಳಿಸ್ತಿತ್ತು. ಮನೇಲಿ ನನ್ನ ಜೊತೆ ಹಂಗೆ ನಕ್ಕೋರಲ್ಲ ಅವ್ರು."

ಮಾರ್ಬುಡು ಮಾರ್ಬುಡು ಎಂದು ಈ ಮನುಷ್ಯ ಯಾಕೆ ಹಟ ಹಿಡಿದಿದ್ದರು ಎಂದು ಅದುವರೆಗೂ ನನಗೆ ತಿಳಿದಿರಲಿಲ್ಲ. ಸ್ಟೋರಿನ ಚಾಳಿ ಎಂದುಕೊಂಡಿದ್ದೆ. ಕಾಫಿ ತಣ್ಣಗಾಗಿತ್ತು, ಆದರೂ ಪೂರ್ತಿ ಕುಡಿದೆ.

ವ್ಯಾಪಾರದ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನಿಮಗೆ ಸಮಾಧಾನವಿರುವುದಿಲ್ಲ. ಅಗಲದ ಲೆನ್ಸನ್ನು ದಟ್ಟಗಳ್ಳಿಯ ಕಡೆ ಮನೆ ಮಾರಿಸುವ ದಲ್ಲಾಳಿಯೊಬ್ಬರು ಕೊಂಡರು. ಅದರಲ್ಲಿ ತೆಗೆದರೆ ಸ್ನಾನದ ಕೋಣೆ ಕಲ್ಯಾಣಮಂಟಪದಷ್ಟು ಕಾಣುತ್ತದಂತೆ, ಭಾರಿ ಖುಷಿಯಾದರು. ಭಾರದ ಹಕ್ಕಿ ಲೆನ್ಸು ಹೋಯಿತು, ಅದರ ಬದಲಿಗೆ ಪುಟ್ಟ ಕ್ಯಾಮೆರಾ, ಪುಟ್ಟ ಲೆನ್ಸು ಬಂತು. ಪ್ಲಾಸ್ಟಿಕ್ಕಿನದು ನಿರೀಕ್ಷೆಯಂತೆ ನನ್ನಲ್ಲೇ ಉಳಿಯಿತು. ಮಾವನ ಲೆನ್ಸಿಗೆ ಹೊಸ ಕ್ಯಾಮೆರಾದ ಬಾಯಿಗೆ ಕೂರುವ ಉಂಗುರವೊಂದನ್ನು ಜಬ್ಬಾರ್ ಸಾಹೇಬರೇ ಹುಡುಕಿ ತರಿಸಿಕೊಟ್ಟರು. ಹೊಸದಕ್ಕೆ ಹಾಕಿಕೊಂಡು ಎರಡು ಮೂರು ಸಲ ಕಾಂಪೌಂಡಿನಲ್ಲಿ ನಿಂತು ನೋಡಿದೆ. ಅಂಟಿನ ಹನಿಗೆ ಬೆರಳು ತಗುಲಿದಾಗಲೆಲ್ಲ ಕ್ಯಾಮೆರಾ ಕೆಳಗಿಳಿಸಿಬಿಡುತ್ತೇನೆ. ಅದರಲ್ಲಿ ಇನ್ನೂ ಒಂದು ಚಿತ್ರವನ್ನೂ ತೆಗೆಯಲು ನನ್ನಿಂದಾಗಿಲ್ಲ.

ಶ್ರಾವಣದ ಮೊದಲ ಭಾನುವಾರ ನಾನು ಗೇಟು ತೆಗೆಯುವ ಮೊದಲು ಒಳಗೆ ಹೋಗಿ ನಮ್ಮವರ ಕೋಣೆಯ ಬಾಗಿಲು ತಟ್ಟಿದೆ. "ಬರ್ತೀರಾ?" ಅವರು ಅಂಗಿ ಹಾಕಿಕೊಂಡೇ ಕೂತಿದ್ದರು. ಕಾರ್ಖಾನೆಯ ಬೂಟು ಕೂಡ. "ಚೀಲ ನಾನು ಹೊರ್ತೀನಿ, ನಿಂಗೆ ಭುಜ," ಎಂದರು.

ಕೆರೆಗೆ ಅವರಂಥ ವೈರಿ ಇನ್ನೊಬ್ಬರಿಲ್ಲ. ದಾರಿಯುದ್ದಕ್ಕೂ ಮಾತು. ಎಲೆಗಳ ಮೇಲೆ ಬೂಟಿನ ಸದ್ದು. "ಅಗೋ ಅಲ್ಲಿ!" ಎಂದು ಕೈ ಚಾಚಿ ಕೂಗಿದಾಗ ಒಂದು ಗುಂಪು ನೀರುಕೋಳಿ, ಎರಡು ಮಿಂಚುಳ್ಳಿ ಒಟ್ಟಿಗೇ ಎದ್ದುಹೋದವು. "ನಾನೇನ್ ಮಾಡ್ದೆ?" ಎಂದರು. ಮಾವ ಇದ್ದಿದ್ದರೆ ಎಂದುಕೊಂಡೆ. ಆ ಮಾತು ಬೆಳಗಿನಿಂದ ಎಷ್ಟನೆಯ ಸಲವೋ, ಎಣಿಸಿರಲಿಲ್ಲ. ಮೋಡ ಕವಿದಿತ್ತು, ನೀರು ತವರದ ಬಣ್ಣಕ್ಕಿತ್ತು. ಪಕ್ಕದಲ್ಲಿ ನಡೆಯುತ್ತಿದ್ದವರ ಹೆಜ್ಜೆಯ ಲಯ ಬೇರೆ ಇತ್ತು, ಅದಕ್ಕೆ ನನ್ನ ಕಾಲು ಹೊಂದಿಕೊಳ್ಳಲು ಹೊತ್ತು ಹಿಡಿಯಿತು.

ಹೊಂಗೆ ಮರದ ಹತ್ತಿರ ಬಂದಾಗ ಅವರು ನಿಂತರು.

"ಅಪ್ಪ ಎಲ್ಲಿ ಕೂತ್ಕೊತಿದ್ರು?"

ತೋರಿಸಿದೆ. ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ರಾತ್ರಿಯ ಮಳೆಗೆ ಒದ್ದೆಯಾಗಿತ್ತು. ಅವರು ಕರವಸ್ತ್ರ ತೆಗೆದು, ಹೊಸ ಬೇರಿಂಗು ಒರೆಸುವಷ್ಟು ಜೋಪಾನವಾಗಿ ಕಲ್ಲನ್ನು ಒರೆಸಿ, ಮೆಲ್ಲಗೆ ಕೂತರು. ಪಕ್ಕದ ಬೇರಿನ ಮೇಲೆ ನಾನು ಕೂತೆ.

"ಏನ್ ಮಾತಾಡ್ತಿದ್ರಿ ಇಬ್ರೂ, ಅಷ್ಟೊತ್ತು?"

"ಏನೂ ಇಲ್ಲ. ಹೆಚ್ಚು ಹೊತ್ತು ಸುಮ್ಮನೆ ಕೂತಿರ್ತಿದ್ವಿ."

"ಬರೀ ಸುಮ್ನೇನಾ?"

"ಬರೀ ಸುಮ್ನೆ."

ಅವರು ನಂಬಲಾಗದೆ ನನ್ನ ಮುಖ ನೋಡಿದರು. ಆಮೇಲೆ ನೀರಿನ ಕಡೆ ತಿರುಗಿದರು. ನಾನು ಕಂಡಂತೆ ಮೊದಲ ಬಾರಿಗೆ ಅವರ ಬಾಯಿ ಮುಚ್ಚಿತ್ತು, ಕೈಗಳು ಮಡಿಲಲ್ಲಿದ್ದವು. ಹಾಗೆ ಕೂತಾಗ ಪಕ್ಕದಿಂದ ಅವರ ಕಿವಿ, ದವಡೆ, ಥೇಟು ಅವರ ಅಪ್ಪನದೇ. ಬಹಳ ಹೊತ್ತಿನ ಮೇಲೆ ಆಚೆ ದಂಡೆಯಿಂದ ದೊಡ್ಡದೊಂದು ಹಕ್ಕಿ ನಿಧಾನವಾಗಿ ರೆಕ್ಕೆ ಬೀಸುತ್ತಾ ಬಂದು ನೀರಿಗಿಳಿಯಿತು. ಅವರು ಉಸಿರಿನಲ್ಲೇ ಕೇಳಿದರು, "ಅದರ ಹೆಸರೇನು?"

"ಹೆಜ್ಜಾರ್ಲೆ."

"ಹೆಜ್ಜಾರ್ಲೆ," ಎಂದು ತಾವೂ ಹೇಳಿ ನೋಡಿದರು. "ಅಪ್ಪ ಹೇಳಿಕೊಟ್ಟಿದ್ದಾ?"

"ಹೂಂ."

ಅವರು ತಲೆಯಾಡಿಸಿದರು. ಎಲೆಗಳಿಂದ ನಾಲ್ಕು ಹನಿ ನಮ್ಮ ಮೇಲೆ ಉದುರಿದವು. ನಾನು ಮನೆಗೆ ಹೋಗೋಣ ಎಂದಿರಲಿಲ್ಲ, ಏಳುವ ಹಾಗೆ ಮೈ ಕೂಡ ಅಲುಗಿಸಿರಲಿಲ್ಲ. ಆದರೂ ಅವರು ನೀರಿನಿಂದ ಕಣ್ಣು ತೆಗೆಯದೆ, "ಇನ್ನೊಂಚೂರು ಹೊತ್ತು ಕೂತಿರಣ ಕಣೇ," ಎಂದರು.